ಬಾಸ್ ಮೀನಿಗೆ ಬೇಟ್‌ಕಾಸ್ಟಿಂಗ್ ರೀಲ್: ಆಯ್ಕೆ, ಹೊಂದಿಕೆ, ಆರೈಕೆ

ರೀಲು ಎಂದರೆ ಗಾಳದ ಕೋಲಿಗೆ, ಅಂದರೆ ರಾಡಿಗೆ, ಕೂರಿಸಿ ದಾರ ಸುತ್ತುವ ಯಂತ್ರ. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್, ಅಂದರೆ ದಾರ ಸುತ್ತಿದ ಗಾಲಿ, ಅಲುಗುವುದಿಲ್ಲ. ಲೈನು (ಗಾಳದ ದಾರ) ಅದರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ, ಅಷ್ಟೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಲೈನು ಹೊರಗೆ ಹೋಗಬೇಕಾದರೆ ಸ್ಪೂಲೇ ತಿರುಗಬೇಕು. ನಿಂತಿದ್ದ ಸ್ಪೂಲು ಕಣ್ಣು ಮಿಟುಕಿಸುವಷ್ಟರಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತಿನ ವೇಗಕ್ಕೆ ಏರುತ್ತದೆ. ಇತ್ತ ಲ್ಯೂರು, ಅಂದರೆ ಮೀನನ್ನು ಸೆಳೆಯುವ ಕೃತಕ ಆಮಿಷ, ಗಾಳಿಯನ್ನು ಸೀಳಿಕೊಂಡು ಹೋಗುತ್ತಾ ನಿಧಾನವಾಗುತ್ತದೆ, ಆದರೆ ಆ ಸುದ್ದಿ ಸ್ಪೂಲಿಗೆ ಮುಟ್ಟುವುದಿಲ್ಲ. ಅದು ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಹೊರಗೆ ಹೋಗುವ ಲೈನಿಗಿಂತ ಬಿಚ್ಚಿಕೊಳ್ಳುವ ಲೈನು ಹೆಚ್ಚಾದ ಗಳಿಗೆಯಲ್ಲಿ ಸ್ಪೂಲಿನ ಮೇಲೆ ಹಕ್ಕಿಗೂಡಿನಂಥ ಸಿಕ್ಕು ಎದ್ದು ನಿಲ್ಲುತ್ತದೆ. ಇದಕ್ಕೇ ಬ್ಯಾಕ್‌ಲ್ಯಾಶ್ ಎನ್ನುವುದು.

ಇಷ್ಟು ತೊಂದರೆ ಇದ್ದರೂ ಬಾಸ್ ಹಿಡಿಯುವವರು ಈ ರೀಲನ್ನು ಬಿಡದಿರುವುದಕ್ಕೆ ಕಾರಣವಿದೆ. ದಪ್ಪ ಲೈನು ಇದರಲ್ಲಿ ತಿರುಚಿಕೊಳ್ಳದೆ ಓಡುತ್ತದೆ. ಹೆಬ್ಬೆರಳಿನಿಂದ ಸ್ಪೂಲನ್ನು ಒತ್ತಿ ಲ್ಯೂರನ್ನು ಬೇಕಾದ ಮೊಳದಷ್ಟು ಜಾಗದಲ್ಲಿ ಇಳಿಸಬಹುದು. ನೀರುಕಳೆಯೊಳಗೆ ನುಗ್ಗಿದ ಮೀನನ್ನು ಎಳೆದು ತರುವ ಬಲವೂ ಇದರ ಗೇರಿಗಿದೆ.

ಒಂದು ಮಾತನ್ನು ಮೊದಲೇ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಈ ರೀಲಿನ ಒಳಗೆ ಎರಡು ಜಾತಿಯ ಭಾಗಗಳಿವೆ: ನುಣ್ಣಗೆ ಜಾರಬೇಕಾದವು ಮತ್ತು ಉಜ್ಜಿ ಹಿಡಿಯಬೇಕಾದವು. ಸ್ಪೂಲ್ ಬೇರಿಂಗು, ಗೇರು, ಲೈನನ್ನು ಅತ್ತಿತ್ತ ಸಾಗಿಸುವ ಲೆವೆಲ್‌ವೈಂಡು ಜಾರಬೇಕು. ಎಸೆಯುವಾಗ ಸ್ಪೂಲನ್ನು ತಡೆಯುವ ಬ್ರೇಕು, ಮೀನು ಜೋರಾಗಿ ಎಳೆದಾಗ ಲೈನು ತುಂಡಾಗದಂತೆ ಅಳೆದು ಬಿಡುವ ಡ್ರ್ಯಾಗು, ಹ್ಯಾಂಡಲು ಹಿಂದಕ್ಕೆ ತಿರುಗದಂತೆ ತಡೆಯುವ ಒನ್‌ವೇ ಕ್ಲಚ್ಚು ಹಿಡಿಯಬೇಕು. ಕೆಟ್ಟು ಬರುವ ರೀಲುಗಳಲ್ಲಿ ಎಷ್ಟೋ ಎಣ್ಣೆ ಕಾಣದೆ ಕೆಟ್ಟವಲ್ಲ. ಹಿಡಿಯಬೇಕಾದ ಜಾಗಕ್ಕೆ ಎಣ್ಣೆ ಸುರಿಸಿಕೊಂಡು ಕೆಟ್ಟವು.

ಕೊಳ್ಳುವ ಮುನ್ನ

ಆಕಾರದಲ್ಲಿ ಎರಡು ಬಗೆ. ದುಂಡನೆಯದು ಗಟ್ಟಿಮುಟ್ಟು, ಲೈನು ಹೆಚ್ಚು ಹಿಡಿಯುತ್ತದೆ, ಸ್ವಿಮ್‌ಬೇಟ್ ಎನ್ನುವ ಮೀನಿನಾಕಾರದ ದೊಡ್ಡ ಲ್ಯೂರುಗಳಿಗೆ ಚೆನ್ನ. ಲೋ ಪ್ರೊಫೈಲ್ ಎನ್ನುವ ತಗ್ಗು ಮೈಯದು ಅಂಗೈಯಲ್ಲಿ ಅಡಗುತ್ತದೆ. ಬಾಸ್‌ಗೆ ಮೊದಲ ರೀಲು ಕೊಳ್ಳುವವರಿಗೆ ಇದೇ ಸರಿ. 180ರಿಂದ 220 ಗ್ರಾಂ ತೂಕ ಸಾಮಾನ್ಯ. ದಿನಕ್ಕೆ ನೂರಾರು ಸಲ ಎಸೆಯುವ ಕೈಗೆ 30 ಗ್ರಾಂ ವ್ಯತ್ಯಾಸ ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ.

ಹ್ಯಾಂಡಲು ಎಡಕ್ಕಿರಬೇಕೋ ಬಲಕ್ಕೋ ಎಂಬುದನ್ನು ಕೊಳ್ಳುವಾಗಲೇ ನಿರ್ಧರಿಸಬೇಕು. ಸ್ಪಿನ್ನಿಂಗ್ ರೀಲಿನ ಹಾಗೆ ಇದರ ಹ್ಯಾಂಡಲನ್ನು ಕಿತ್ತು ಇನ್ನೊಂದು ಕಡೆಗೆ ಹಾಕಲು ಬರುವುದಿಲ್ಲ. ಬಲಗೈಯಲ್ಲಿ ಎಸೆದು, ರಾಡನ್ನು ಅದೇ ಕೈಯಲ್ಲಿ ಉಳಿಸಿಕೊಂಡು ಎಡಗೈಯಲ್ಲಿ ಸುತ್ತುವವರಿಗೆ ಎಡದ ಹ್ಯಾಂಡಲು. ಜಿಗ್ (ತೂಕದ ತಲೆಯ ಗಾಳದ ಲ್ಯೂರು), ರಬ್ಬರ್ ಹುಳುಗಳಿಗೆ ಲ್ಯೂರು ಬೀಳುವಾಗಲೇ ಮೀನು ಕಚ್ಚುವುದುಂಟು. ಆಗ ಕೈ ಬದಲಿಸುವ ಒಂದು ಕ್ಷಣವೂ ದುಬಾರಿ.

ಗೇರ್ ಅನುಪಾತದ ಲೆಕ್ಕ

6.3:1 ಎಂದರೆ ಹ್ಯಾಂಡಲು ಒಂದು ಸುತ್ತು ಬಂದಾಗ ಸ್ಪೂಲು 6.3 ಸುತ್ತು ಬರುತ್ತದೆ. ಬರೀ ಈ ಅಂಕಿ ನೋಡಿ ಮೋಸ ಹೋಗಬೇಡಿ. ಬೇಕಾದದ್ದು ಒಂದು ಸುತ್ತಿಗೆ ಎಷ್ಟು ಲೈನು ಒಳಗೆ ಬರುತ್ತದೆ ಎಂಬುದು. ಲೈನು ತುಂಬಿದ ಮಟ್ಟದಲ್ಲಿ ಸ್ಪೂಲಿನ ವ್ಯಾಸ 32 ಮಿ.ಮೀ. ಇದ್ದರೆ ಅದರ ಸುತ್ತಳತೆ ಸುಮಾರು 10 ಸೆಂ.ಮೀ. ಹಾಗಾದರೆ 5.4:1 ರೀಲು ಒಂದು ಸುತ್ತಿಗೆ 54 ಸೆಂ.ಮೀ., 6.3:1 ರೀಲು 63, 7.5:1 ರೀಲು 75, 8.5:1 ರೀಲು 85 ಸೆಂ.ಮೀ. ಎಳೆಯುತ್ತದೆ. ಉದ್ದಕ್ಕೆ ಎಸೆದು ಲೈನು ಖಾಲಿಯಾಗಿ ವ್ಯಾಸ 26 ಮಿ.ಮೀ.ಗೆ ಇಳಿದರೆ ಸುತ್ತಳತೆ 8 ಸೆಂ.ಮೀ.ಗೆ ಬಂತು; ಅದೇ ರೀಲು ಐದರಲ್ಲೊಂದು ಪಾಲು ನಿಧಾನವಾಯಿತು. ಅರ್ಧ ಮಾತ್ರ ತುಂಬಿದ ಸ್ಪೂಲಿನಲ್ಲಿ ‘ವೇಗದ ರೀಲು’ ವೇಗದ್ದಾಗಿ ಉಳಿಯುವುದಿಲ್ಲ.

ಆಳಕ್ಕಿಳಿಯುವ ಕ್ರ್ಯಾಂಕ್‌ಬೇಟ್ ಎನ್ನುವ ಲ್ಯೂರು ನೀರನ್ನು ಜೋರಾಗಿ ತಳ್ಳುತ್ತದೆ. ಅದಕ್ಕೆ 5.1ರಿಂದ 5.5ರವರೆಗಿನ ಗೇರು ಬೇಕು. 7.5ರಲ್ಲಿ ಅದನ್ನು ಎಳೆದರೆ ಗೇರು ಕೆಡುವುದಕ್ಕೆ ಮೊದಲು ಮಣಿಕಟ್ಟು ಸೋಲುತ್ತದೆ. ಜಿಗ್, ರಬ್ಬರ್ ಹುಳು, ಕಪ್ಪೆ ಲ್ಯೂರಿಗೆ 7.1ರಿಂದ 8.5. ಇಲ್ಲಿ ಲ್ಯೂರನ್ನು ಆಡಿಸುವುದು ರಾಡು. ರೀಲಿನ ಕೆಲಸ ಸಡಿಲ ಲೈನನ್ನು ಬೇಗ ಬಾಚಿಕೊಳ್ಳುವುದು. ತಿರುಗುವ ತಗಡಿನ ಸ್ಪಿನ್ನರ್‌ಬೇಟ್ ಮತ್ತು ಉಳಿದ ಎಲ್ಲದಕ್ಕೂ 6.3ರಿಂದ 7.1. ಒಂದೇ ರೀಲು ಕೊಳ್ಳುವುದಾದರೆ 6.8ರ ಆಸುಪಾಸಿನದನ್ನು ಕೊಳ್ಳಿ. ವೇಗದ ರೀಲನ್ನು ನಿಧಾನವಾಗಿ ಸುತ್ತಬಹುದಲ್ಲ ಎನ್ನುವ ವಾದ ಅರ್ಧ ಸತ್ಯ. ವೇಗ ಇಳಿಸಬಹುದು, ಬಲ ಏರಿಸಲು ಬಾರದು.

ಸ್ಪೂಲು ಮತ್ತು ಲ್ಯೂರಿನ ತೂಕ

ಎಷ್ಟು ಹಗುರದ ಲ್ಯೂರನ್ನು ಎಸೆಯಬಹುದು ಎಂಬುದನ್ನು ತೀರ್ಮಾನಿಸುವುದು ಸ್ಪೂಲು ಮತ್ತು ಅದರ ಮೇಲಿನ ಲೈನಿನ ಒಟ್ಟು ತೂಕ. ನಿಂತ ಸ್ಪೂಲನ್ನು ತಿರುಗಿಸಿ ಎಬ್ಬಿಸುವುದು ಲ್ಯೂರಿನ ಎಳೆತವೇ. 33, 34 ಮಿ.ಮೀ. ವ್ಯಾಸದ ಸಾಮಾನ್ಯ ಸ್ಪೂಲಿಗೆ 10ರಿಂದ 28 ಗ್ರಾಂ ಲ್ಯೂರು ಹಿತ. 7 ಗ್ರಾಂಗೆ ಇಳಿದರೆ ತಿಣುಕುತ್ತದೆ. 3ರಿಂದ 6 ಗ್ರಾಂ ಎಸೆಯಲು ಬಿಎಫ್‌ಎಸ್ (ಬೇಟ್ ಫಿನೆಸ್ ಸಿಸ್ಟಮ್) ಎನ್ನುವ ಆಳವಿಲ್ಲದ, ತೆಳು ಸ್ಪೂಲಿನ ರೀಲುಗಳೇ ಬೇರೆ ಇವೆ. ಮಾಮೂಲು ರೀಲಿಗೆ ದುಬಾರಿ ಬೇರಿಂಗು ಹಾಕಿ ಆ ಕೆಲಸ ಮಾಡಿಸಹೊರಡುವುದು ದಂಡ.

ಬ್ರೇಕು

ಸೆಂಟ್ರಿಫ್ಯೂಗಲ್ ಬ್ರೇಕಿನಲ್ಲಿ ಸ್ಪೂಲಿನ ಮೇಲಿನ ಪುಟ್ಟ ಪ್ಲಾಸ್ಟಿಕ್ ತುಂಡುಗಳು ತಿರುಗುವ ರಭಸಕ್ಕೆ ಹೊರಕ್ಕೆ ಸರಿದು ಒಂದು ಬಳೆಗೆ ಉಜ್ಜುತ್ತವೆ. ಇದರ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಆದ್ದರಿಂದ ಎಸೆತದ ಮೊದಲ ಗಳಿಗೆಯಲ್ಲಿ ಗಟ್ಟಿಯಾಗಿ ಹಿಡಿದು, ಆಮೇಲೆ ಬೇಗ ಕೈಬಿಡುತ್ತದೆ. ದೂರ ಸಿಗುತ್ತದೆ, ಕೊನೆಯಲ್ಲಿ ಹೆಬ್ಬೆರಳು ಎಚ್ಚರವಾಗಿರಬೇಕು. ಮ್ಯಾಗ್ನೆಟಿಕ್ ಬ್ರೇಕಿನಲ್ಲಿ ಏನೂ ಉಜ್ಜುವುದಿಲ್ಲ. ಆಯಸ್ಕಾಂತದ ಬಳಿ ತಿರುಗುವ ಅಲ್ಯೂಮಿನಿಯಂನಲ್ಲಿ ಹುಟ್ಟುವ ವಿದ್ಯುತ್ ಸುಳಿಗಳೇ ಸ್ಪೂಲನ್ನು ತಡೆಯುತ್ತವೆ. ಇದರ ಬಲ ವೇಗಕ್ಕೆ ನೇರ ಅನುಪಾತದಲ್ಲಿ ಇಳಿಯುವುದರಿಂದ ಎಸೆತದ ಕೊನೆಯವರೆಗೂ ಸ್ವಲ್ಪ ಹಿಡಿತ ಉಳಿದಿರುತ್ತದೆ. ಎದುರು ಗಾಳಿಗೂ ಹೊಸಬರಿಗೂ ಇದು ಒಳ್ಳೆಯದು. ಹೊರಗಿನ ಗುಂಡಿ ತಿರುಗಿಸಿ ಹೊಂದಿಸಬಹುದೆಂಬ ಅನುಕೂಲ ಬೇರೆ. ಎರಡನ್ನೂ ಸೇರಿಸಿದ ರೀಲುಗಳಿವೆ. ಶಿಮಾನೋದ ಡಿಸಿ ರೀಲುಗಳಲ್ಲಿ ಸ್ಪೂಲಿನ ವೇಗ ಅಳೆದು ಬ್ರೇಕ್ ಹಾಕುವ ಪುಟ್ಟ ಕಂಪ್ಯೂಟರೇ ಇದೆ. ಬ್ಯಾಟರಿ ಬೇಡ, ಸ್ಪೂಲು ತಿರುಗಿದಾಗ ಅದರ ವಿದ್ಯುತ್ತು ಅಲ್ಲೇ ಹುಟ್ಟುತ್ತದೆ. ಸಿಕ್ಕು ನಿಜಕ್ಕೂ ಕಡಿಮೆಯಾಗುತ್ತದೆ, ಆದರೆ ಲ್ಯೂರು ನೀರಿಗೆ ಬಿದ್ದ ಮೇಲೆ ಸ್ಪೂಲು ನಿಲ್ಲಿಸುವ ಕೆಲಸ ಅಲ್ಲೂ ಹೆಬ್ಬೆರಳಿನದೇ.

ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಳು

‘10+1 ಬೇರಿಂಗ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಎಸೆತಕ್ಕೆ ಮುಖ್ಯವಾದವು ಸ್ಪೂಲಿನ ಎರಡು ಬದಿಯ ಬೇರಿಂಗುಗಳು. ಮುಖ್ಯ ಗೇರಿನಿಂದ ಸ್ಪೂಲನ್ನು ತಿರುಗಿಸುವ ಸಣ್ಣ ಗೇರಾದ ಪಿನಿಯನ್ನಿಗೂ ಬೇರಿಂಗಿನ ಆಸರೆ ಇದ್ದರೆ ಇನ್ನೂ ಒಳ್ಳೆಯದು. ಉಳಿದವು ಹ್ಯಾಂಡಲಿನ ಗುಬುಟಿನಲ್ಲಿ, ಲೆವೆಲ್‌ವೈಂಡಿನ ತುದಿಯಲ್ಲಿ ಕೂತು ಲೆಕ್ಕ ತುಂಬಿಸುತ್ತವೆ. ಒಳ್ಳೆಯ ಐದು ಬೇರಿಂಗು ಸಾಧಾರಣ ಹತ್ತಕ್ಕಿಂತ ಮೇಲು.

ಡ್ರ್ಯಾಗಿನ ಕಥೆಯೂ ಇದೇ. 10 ಕೆ.ಜಿ. ಡ್ರ್ಯಾಗ್ ಎಂದು ಹೊಗಳುತ್ತಾರೆ. ದೊಡ್ಡಬಾಯಿ ಬಾಸ್‌ನ ವಿಶ್ವದಾಖಲೆಯೇ 10 ಕೆ.ಜಿ.ಗಿಂತ ತುಸು ಹೆಚ್ಚು: 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದವು. ನೀವು 1.5ರಿಂದ 3 ಕೆ.ಜಿ. ಡ್ರ್ಯಾಗಿನಲ್ಲಿ ಮೀನು ಹಿಡಿಯುತ್ತೀರಿ. ಗಮನಿಸಬೇಕಾದದ್ದು ಆ ಮಟ್ಟದಲ್ಲಿ ಲೈನು ತಡೆತಡೆದು ಬರುತ್ತದೆಯೋ, ಒಂದೇ ಸಮನೆ ಬರುತ್ತದೆಯೋ ಎಂಬುದನ್ನು. ಕಾರ್ಬನ್ ವಾಷರಿನ ಡ್ರ್ಯಾಗು ಇದರಲ್ಲಿ ಫೆಲ್ಟಿಗಿಂತ ಉತ್ತಮ, ಬಿಸಿಯನ್ನೂ ತಡೆಯುತ್ತದೆ.

ಹಣ ಸುರಿಯಬೇಕಾದ ಜಾಗ ಮೈಕಟ್ಟು ಮತ್ತು ಗೇರು. ಅಲ್ಯೂಮಿನಿಯಂ ಚೌಕಟ್ಟು ಒತ್ತಡಕ್ಕೆ ಬಾಗದೆ ಗೇರುಗಳನ್ನು ನೆಟ್ಟಗೆ ಹಿಡಿದಿಡುತ್ತದೆ. ಮೆಗ್ನೀಸಿಯಂ ಇನ್ನೂ ಹಗುರ, ಆದರೆ ಬಣ್ಣ ಕಿತ್ತ ಜಾಗಕ್ಕೆ ಉಪ್ಪುನೀರು ತಾಕಿದರೆ ಬೇಗ ತಿಂದುಹೋಗುತ್ತದೆ. ಮುಖ್ಯ ಗೇರು ಹಿತ್ತಾಳೆಯದಾದರೆ ತೂಕ ಹೆಚ್ಚು, ಬಾಳಿಕೆಯೂ ಹೆಚ್ಚು.

ಅಂಗಡಿಯಲ್ಲಾಗಲಿ, ಹಳೆಯ ರೀಲು ಕೊಳ್ಳುವಾಗಾಗಲಿ ಕೈಯಲ್ಲಿ ಹಿಡಿದು ನೋಡಬೇಕಾದವು ಇವು. ಹ್ಯಾಂಡಲನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಬುಡದಲ್ಲಿ ಆಟ ಇದ್ದರೆ ಬೇರಿಂಗು ಸವೆದಿದೆ. ಡ್ರ್ಯಾಗು ಪೂರ್ತಿ ಬಿಗಿದು ಸ್ಪೂಲನ್ನು ಹಿಡಿದುಕೊಂಡು ಹ್ಯಾಂಡಲನ್ನು ಹಿಂದಕ್ಕೆ ದಬ್ಬಿ, ಒಂದಿಷ್ಟೂ ಕದಲಬಾರದು. ಲೈನು ಹಿಡಿದು ಎಳೆದುಕೊಂಡು ಸುತ್ತಿ ನೋಡಿ. ಖಾಲಿ ಸುತ್ತಿದರೆ ಎಲ್ಲ ರೀಲೂ ಬೆಣ್ಣೆಯೇ. ಗೇರಿನ ಹಲ್ಲು ಸವೆದಿದ್ದರೆ ಗರಗರ ಎನ್ನುವುದು ಭಾರ ಬಿದ್ದಾಗ. ಸ್ಪೂಲನ್ನು ಗೇರಿನಿಂದ ಬಿಡಿಸುವುದು ಹೆಬ್ಬೆರಳ ಗುಂಡಿ; ಇದಕ್ಕೂ ಕ್ಲಚ್ಚು ಎನ್ನುತ್ತಾರೆ, ಒನ್‌ವೇ ಕ್ಲಚ್ಚು ಬೇರೆ. ಅದನ್ನು ಒತ್ತಿ ಹ್ಯಾಂಡಲು ತಿರುಗಿಸಿದ ಕೂಡಲೇ ಗುಂಡಿ ಮೇಲೆ ಹಾರಬೇಕು.

ಲೈನು ತುಂಬುವುದು

ಸ್ಪೂಲಿನ ಅಂಚಿಗಿಂತ 2ರಿಂದ 3 ಮಿ.ಮೀ. ಕೆಳಗೆ ನಿಲ್ಲಿಸಿ. ಅಂಚಿನವರೆಗೆ ತುಂಬಿದರೆ ಸುರುಳಿ ಬೇಗ ಎದ್ದು ಸಿಕ್ಕಾಗುತ್ತದೆ, ಕೆಲವೊಮ್ಮೆ ಸ್ಪೂಲಿಗೂ ಚೌಕಟ್ಟಿಗೂ ನಡುವಿನ ಸಂದಿಗೆ ಲೈನು ನುಸುಳುತ್ತದೆ. ಹೊಸಬರು ನೈಲಾನಿನ ಮಾನೋ ಲೈನಿನಿಂದ, 12ರಿಂದ 14 ಪೌಂಡ್ ಭಾರ ತಡೆಯುವಂಥದರಿಂದ ಕಲಿಯುವುದು ಮೇಲು. ಸಿಕ್ಕಾದರೂ ಬಿಡಿಸಿಕೊಳ್ಳುತ್ತದೆ, ಹೋದರೆ ಹೆಚ್ಚು ಹಣವೂ ಹೋಗುವುದಿಲ್ಲ. ಜಿಗ್ ಮತ್ತು ಹುಳುವಿಗೆ 15ರಿಂದ 17 ಪೌಂಡ್ ಫ್ಲೋರೊಕಾರ್ಬನ್. ಅದು ಮುಳುಗುತ್ತದೆ, ಹಿಗ್ಗುವುದು ಕಡಿಮೆ. ಆದರೆ ಸಿಕ್ಕಿನಲ್ಲಿ ಒಮ್ಮೆ ಮುರಿದು ಮಡಿಕೆ ಬಿದ್ದ ಫ್ಲೋರೊಕಾರ್ಬನ್ ಅಲ್ಲೇ ತುಂಡಾಗುತ್ತದೆ. ಉಗುರು ಎಳೆದಾಗ ತಡೆಯುವ ಬಿಳಿ ಗೆರೆ ಕಂಡರೆ ಆ ಭಾಗ ಕತ್ತರಿಸಿ ಬಿಡಿ. ಕಳೆಯ ಮೇಲೆ ಕಪ್ಪೆ ಲ್ಯೂರಿಗೆ 50ರಿಂದ 65 ಪೌಂಡ್ ಬ್ರೇಡ್, ಅಂದರೆ ಹೆಣೆದ ಲೈನು.

ಬ್ರೇಡನ್ನು ಬರಿಯ ಸ್ಪೂಲಿಗೆ ಕಟ್ಟಬಾರದು. ನುಣುಪು ಅಲ್ಯೂಮಿನಿಯಂ ಮೇಲೆ ಇಡೀ ಸುರುಳಿಯೇ ಜಾರಿ ತಿರುಗುತ್ತದೆ. ಕೊಂಡವರು ಇದನ್ನು ಡ್ರ್ಯಾಗಿನ ದೋಷವೆಂದು ತಿಳಿದು ಸ್ಟಾರನ್ನು, ಅಂದರೆ ಡ್ರ್ಯಾಗು ಬಿಗಿಯುವ ನಕ್ಷತ್ರಾಕಾರದ ಚಕ್ರವನ್ನು, ಬಿಗಿಯುತ್ತಲೇ ಇರುತ್ತಾರೆ. ಮೊದಲು 10, 15 ಸುತ್ತು ಮಾನೋ ಸುತ್ತಿ ಅದಕ್ಕೆ ಬ್ರೇಡ್ ಗಂಟು ಹಾಕಿ. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಲೈನನ್ನು ಹಿಡಿದು ಬಿಗಿಯಾಗಿಯೇ ಸುತ್ತಬೇಕು. ಸಡಿಲವಾಗಿ ಸುತ್ತಿದ ಬ್ರೇಡಿನಲ್ಲಿ, ದೊಡ್ಡ ಮೀನು ಎಳೆದಾಗ ಮೇಲಿನ ಸುತ್ತು ಒಳಗಿನ ಸುತ್ತುಗಳ ನಡುವೆ ಹೂತುಹೋಗಿ ಮುಂದಿನ ಎಸೆತದಲ್ಲಿ ಸ್ಪೂಲು ಗಕ್ಕನೆ ನಿಲ್ಲುತ್ತದೆ. ಲ್ಯೂರು ಮಾತ್ರ ನಿಲ್ಲುವುದಿಲ್ಲ!

ಎಸೆತಕ್ಕೆ ಹೊಂದಿಸುವುದು

ಹ್ಯಾಂಡಲಿನ ಕಡೆ, ಸ್ಟಾರಿನ ಪಕ್ಕದಲ್ಲಿರುವ ಪುಟ್ಟ ಮುಚ್ಚಳ ಸ್ಪೂಲ್ ಟೆನ್ಷನ್ ಗುಂಡಿ. ಅದು ಸ್ಪೂಲಿನ ಅಚ್ಚಿನ ತುದಿಯನ್ನು ಒತ್ತುತ್ತದೆ. ಅದನ್ನು ಸಡಿಲಿಸಿ, ಹೆಬ್ಬೆರಳಿನಿಂದ ಸ್ಪೂಲನ್ನು ಎಡಕ್ಕೂ ಬಲಕ್ಕೂ ತಳ್ಳಿ ನೋಡಿ. ಟಕ್ ಟಕ್ ಎಂಬ ಆಟ ಸಿಗುತ್ತದೆ. ಆ ಆಟ ನಿಲ್ಲುವಷ್ಟು ಮಾತ್ರ ಗುಂಡಿಯನ್ನು ಬಿಗಿಯಿರಿ. ಅನುಭವವಿದ್ದವರಿಗೆ ಇಷ್ಟೇ ಸಾಕು.

ಹೊಸಬರು ಇನ್ನೊಂದು ಹೆಜ್ಜೆ ಹೋಗಬೇಕು. ಆ ದಿನ ಎಸೆಯಲಿರುವ ಲ್ಯೂರನ್ನೇ ಕಟ್ಟಿ, ರಾಡನ್ನು ಎದೆಮಟ್ಟಕ್ಕೆ ಹಿಡಿದು ಹೆಬ್ಬೆರಳ ಗುಂಡಿ ಒತ್ತಿ. ಲ್ಯೂರು ಸರ್ರನೆ ಬೀಳದೆ ನಿಧಾನವಾಗಿ ಇಳಿದು, ನೆಲ ಮುಟ್ಟಿದೊಡನೆ ಸ್ಪೂಲು ತಾನಾಗಿ ನಿಲ್ಲುವಷ್ಟು ಟೆನ್ಷನ್ ಕೊಡಿ. ಲ್ಯೂರು ಬದಲಿಸಿದರೆ ಇದನ್ನು ಮತ್ತೆ ಮಾಡಬೇಕು. ಬ್ರೇಕನ್ನು ಪೂರ್ತಿಗಿಂತ ಸ್ವಲ್ಪ ಕೆಳಗೆ, 10ಕ್ಕೆ 8ರಲ್ಲಿಟ್ಟು ಆರಂಭಿಸಿ. ಒಂದೇ ಸಮನೆ ಹತ್ತು ಎಸೆತ ಸಿಕ್ಕಿಲ್ಲದೆ ಬಂದರೆ ಬ್ರೇಕನ್ನು ಒಂದು ಅಂಕ ಇಳಿಸಿ. ಕೈ ಪಳಗುತ್ತ ಬಂದಂತೆ ಟೆನ್ಷನ್ನನ್ನೂ ಸಡಿಲಿಸುತ್ತ ಬನ್ನಿ. ಅದು ಬ್ರೇಕಿನ ಹಾಗೆ ವೇಗ ನೋಡಿ ಹಿಡಿಯುವುದಿಲ್ಲ, ಎಸೆತದ ಉದ್ದಕ್ಕೂ ಒಂದೇ ಸಮ ಒತ್ತುತ್ತ ದೂರವನ್ನು ತಿನ್ನುತ್ತದೆ.

ಸಿಕ್ಕು ಯಾವಾಗ ಬಿತ್ತು ಎನ್ನುವುದೇ ಕಾರಣ ಹೇಳುತ್ತದೆ. ಎಸೆದ ಕೂಡಲೇ ಬಿದ್ದರೆ ಕೈ ಜರ್ಕ್ ಹೊಡೆದಿದೆ ಅಥವಾ ಬ್ರೇಕು ಕಡಿಮೆ. ನಡುವೆ ಬಿದ್ದರೆ ಎದುರು ಗಾಳಿ. ಲ್ಯೂರು ನೀರಿಗೆ ಬಿದ್ದ ಮೇಲೆ ಬಿದ್ದರೆ ಹೆಬ್ಬೆರಳು ತಡವಾಗಿದೆ, ಅದಕ್ಕೆ ಯಾವ ಗುಂಡಿಯೂ ಪರಿಹಾರವಲ್ಲ.

ಬಿಡಿಸುವಾಗ ಸುರುಳಿಗಳನ್ನು ಉಗುರಿನಿಂದ ಮೀಟುತ್ತಾ ಕೂರಬೇಡಿ. ಕ್ಲಚ್ಚು ಹಾಕಿ, ಡ್ರ್ಯಾಗು ಬಿಗಿದು, ಹೆಬ್ಬೆರಳಿನಿಂದ ಸ್ಪೂಲಿನ ಮೇಲಿನ ಸಿಕ್ಕನ್ನೇ ಬಲವಾಗಿ ಒತ್ತಿ ಹಿಡಿದು ಹ್ಯಾಂಡಲನ್ನು ಎರಡು ಸುತ್ತು ತಿರುಗಿಸಿ. ಬೆರಳ ಕೆಳಗೆ ಸ್ಪೂಲು ಜಾರುವಾಗ ಎದ್ದ ಕುಣಿಕೆಗಳು ಚಪ್ಪಟೆಯಾಗುತ್ತವೆ. ಆಮೇಲೆ ಹೆಬ್ಬೆರಳ ಗುಂಡಿ ಒತ್ತಿ ಕ್ಲಚ್ಚು ಬಿಟ್ಟು ಲೈನನ್ನು ಮೆಲ್ಲಗೆ ಎಳೆಯಿರಿ. ತಡೆದ ಕಡೆ ಮತ್ತೆ ಒತ್ತಿ, ಸುತ್ತಿ, ಎಳೆಯಿರಿ. ಹತ್ತರಲ್ಲಿ ಏಳೆಂಟು ಸಿಕ್ಕು ಹೀಗೇ ಬಿಡುತ್ತವೆ.

ಡ್ರ್ಯಾಗನ್ನು ಲೈನಿನ ಬಲದ ಕಾಲುಭಾಗದಿಂದ ಮೂರನೆಯ ಒಂದು ಭಾಗದೊಳಗೆ ಇಡಬೇಕು. 12 ಪೌಂಡಿನ ಲೈನೆಂದರೆ 5.4 ಕೆ.ಜಿ.; ಡ್ರ್ಯಾಗು 1.4ರಿಂದ 1.8 ಕೆ.ಜಿ. ಸ್ಪ್ರಿಂಗ್ ತಕ್ಕಡಿಗೆ ಲೈನು ಸಿಕ್ಕಿಸಿ ಎಳೆದು ನೋಡಿದರೆ ಊಹೆ ಬೇಕಿಲ್ಲ. ದಟ್ಟ ಕಳೆಯಲ್ಲಿ ಬ್ರೇಡ್ ಹಾಕಿ ಕಪ್ಪೆ ಎಳೆಯುವಾಗ ಮಾತ್ರ ಈ ನಿಯಮ ಮರೆತು ಪೂರ್ತಿ ಬಿಗಿಯುವುದು ವಾಡಿಕೆ.

ದಿನನಿತ್ಯದ ಆರೈಕೆ

ಕೆರೆಯಿಂದ ಬಂದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಉಪ್ಪುನೀರು ತಾಕಿದ್ದರೆ ಡ್ರ್ಯಾಗನ್ನು ಬಿಗಿದು, ನಲ್ಲಿಯ ಸಣ್ಣ ಧಾರೆಯಲ್ಲಿ ಹೊರಮೈಯನ್ನಷ್ಟೇ ತೊಳೆದು, ಕೊಡವಿ ನೆರಳಲ್ಲಿ ಒಣಗಿಸಿ. ಪೈಪಿನಿಂದ ರಭಸವಾಗಿ ನೀರು ಹೊಡೆದರೆ ಹೊರಗಿನ ಉಪ್ಪನ್ನೂ ಮರಳನ್ನೂ ಒಳಕ್ಕೆ ತಳ್ಳಿದಂತೆ. ಒಣಗಿದ ಮೇಲೆ ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ಇಡಿ. ತಿಂಗಳುಗಟ್ಟಲೆ ಒತ್ತಿಕೊಂಡೇ ಇದ್ದ ವಾಷರು, ಅದರಲ್ಲೂ ಫೆಲ್ಟ್, ಚಪ್ಪಟೆಯಾಗಿ ತಡೆತಡೆದು ಬಿಡಲು ಶುರುಮಾಡುತ್ತದೆ.

ನಾಲ್ಕೈದು ಸಲ ಬಳಸಿದ ಮೇಲೆ ಮೂರು ಕಡೆ ಎಣ್ಣೆ: ಎರಡೂ ಸ್ಪೂಲ್ ಬೇರಿಂಗಿಗೆ ಒಂದೊಂದು ಹನಿ, ಲೆವೆಲ್‌ವೈಂಡಿನ ತಿರುಪು ಅಚ್ಚಿಗೆ ಒಂದು ಹನಿ, ಹ್ಯಾಂಡಲಿನ ಗುಬುಟುಗಳಿಗೆ ಒಂದೊಂದು. ಹನಿ ಎಂದರೆ ಸೂಜಿಯ ತುದಿಯಲ್ಲಿ ನಿಲ್ಲುವಷ್ಟು. ಈ ಬಗೆಯ ಗೇರ್ ರೀಲನ್ನು 19ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ರೂಪಿಸಿದ ಜಾರ್ಜ್ ಸ್ನೈಡರ್ ಗಡಿಯಾರ ಮಾಡುತ್ತಿದ್ದವನು. ಎಣ್ಣೆ ಹಾಕುವಾಗ ಅದನ್ನು ನೆನೆದರೆ ಕೈ ತಾನಾಗಿ ಬಿಗಿಹಿಡಿಯುತ್ತದೆ. ಎಣ್ಣೆಗೆ ಮೊದಲು ತಿರುಪಿನ ಗೀರುಗಳಲ್ಲಿ ಕೂತ ಕಪ್ಪು ಜಿಡ್ಡನ್ನು ಹತ್ತಿಕಡ್ಡಿಯಿಂದ ತೆಗೆಯಬೇಕು. ಜಿಡ್ಡಿನ ಮೇಲೆ ಎಣ್ಣೆ ಬಿಟ್ಟರೆ ಅದು ಅರೆಯುವ ಪುಡಿಯಾಗುತ್ತದೆ. ಡಬ್ಲ್ಯುಡಿ-40 ಮಾದರಿಯ ಸ್ಪ್ರೇ ಬೇಡ. ಅದು ಇದ್ದ ಗ್ರೀಸನ್ನು ಕರಗಿಸಿ ತಾನೂ ಬೇಗ ಆರಿಹೋಗುತ್ತದೆ. ಡೈವಾದ ಮ್ಯಾಗ್‌ಸೀಲ್ ಇರುವ ಭಾಗಗಳಿಗೆ ಯಾವ ಎಣ್ಣೆಯನ್ನೂ ಹಾಕಬಾರದು, ಆಯಸ್ಕಾಂತದ ಬಲದಿಂದ ನಿಂತ ಅದರ ಎಣ್ಣೆಯ ಗೋಡೆ ಒಡೆಯುತ್ತದೆ.

ವರ್ಷಕ್ಕೊಮ್ಮೆ ಬಿಚ್ಚುವುದು

ಬೇಕಾದವು: ಸರಿಯಾಗಿ ಕೂರುವ ಸ್ಕ್ರೂಡ್ರೈವರ್, ಹ್ಯಾಂಡಲ್ ನಟ್ಟಿಗೆ ಸ್ಪ್ಯಾನರ್ (ಹೆಚ್ಚಿನವಕ್ಕೆ 10 ಮಿ.ಮೀ.), ಚಿಮಟ, ಹಳೆಯ ಹಲ್ಲುಜ್ಜುವ ಬ್ರಷ್, ಹತ್ತಿಕಡ್ಡಿ, ಐಸೊಪ್ರೊಪೈಲ್ ಆಲ್ಕೊಹಾಲ್, ರೀಲಿನ ತೆಳು ಎಣ್ಣೆ, ಗೇರ್ ಗ್ರೀಸ್, ಡ್ರ್ಯಾಗ್ ಗ್ರೀಸ್. ಬಿಳಿ ಬಟ್ಟೆ ಹಾಸಿ, ತೆಗೆದ ಭಾಗಗಳನ್ನು ಎಡದಿಂದ ಬಲಕ್ಕೆ ಸಾಲಾಗಿಟ್ಟು ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ.

1. ಹ್ಯಾಂಡಲು ಇಲ್ಲದ ಕಡೆಯ ಸೈಡ್‌ಪ್ಲೇಟ್ ತೆರೆದು ಸ್ಪೂಲನ್ನು ಹೊರತೆಗೆಯಿರಿ.
2. ಟೆನ್ಷನ್ ಗುಂಡಿಯನ್ನು ಬಿಚ್ಚಿ. ಒಳಗೆ ಉಗುರಿಗಿಂತ ಚಿಕ್ಕ ಲೋಹದ ಬಿಲ್ಲೆ ಇರುತ್ತದೆ, ಗ್ರೀಸಿಗೆ ಅಂಟಿಕೊಂಡು ಕಣ್ಣಿಗೆ ಬೀಳದು. ಅದು ಕಳೆದರೆ ಟೆನ್ಷನ್ ನಿಲ್ಲುವುದಿಲ್ಲ.
3. ಹ್ಯಾಂಡಲ್ ನಟ್ಟಿನ ಮುಚ್ಚಳ, ನಟ್ಟು, ಹ್ಯಾಂಡಲು, ಸ್ಟಾರು ತೆಗೆಯಿರಿ. ಸ್ಟಾರಿನ ಕೆಳಗಿನ ಬಾಗಿದ ಸ್ಪ್ರಿಂಗ್ ವಾಷರುಗಳು ಯಾವ ಕಡೆಗೆ ಮುಖ ಮಾಡಿವೆ ಎಂದು ನೋಡಿಕೊಳ್ಳಿ. ಎರಡಿದ್ದರೆ ಅವು ಸಾಮಾನ್ಯವಾಗಿ ಎದುರುಬದುರು ಬಾಗಿರುತ್ತವೆ. ತಿರುಗಿಸಿ ಹಾಕಿದರೆ ಡ್ರ್ಯಾಗು ಸ್ವಲ್ಪ ತಿರುಗಿಸುವಷ್ಟರಲ್ಲೇ ಸಡಿಲದಿಂದ ಬಿಗಿಗೆ ಹಾರುತ್ತದೆ.
4. ಹ್ಯಾಂಡಲ್ ಕಡೆಯ ಸೈಡ್‌ಪ್ಲೇಟಿನ ಸ್ಕ್ರೂಗಳು ಬೇರೆ ಬೇರೆ ಉದ್ದದವು, ಯಾವುದು ಎಲ್ಲಿಯದೆಂದು ಗುರುತಿಡಿ. ಪ್ಲೇಟನ್ನು ನೆಟ್ಟಗೆ, ನಿಧಾನವಾಗಿ ಎತ್ತಿ. ಪಿನಿಯನ್ ಗೇರನ್ನು ಹಿಡಿದಿರುವ ನೊಗದ ಎರಡು ತುದಿಗಳಲ್ಲಿ ಸಣ್ಣ ಸ್ಪ್ರಿಂಗುಗಳಿವೆ. ಅವಸರಪಟ್ಟರೆ ಹಾರಿ ಮಂಚದಡಿ ಸೇರುತ್ತವೆ. ಒಂದು ಬೆರಳನ್ನು ಅವುಗಳ ಮೇಲಿಟ್ಟುಕೊಂಡೇ ಎತ್ತುವುದು ಉಪಾಯ.
5. ಪಿನಿಯನ್ನು, ನೊಗ, ಮುಖ್ಯ ಗೇರು, ಅದರೊಳಗಿನ ಡ್ರ್ಯಾಗ್ ವಾಷರುಗಳನ್ನು ಬಂದ ಕ್ರಮದಲ್ಲೇ ತೆಗೆದಿಡಿ.

ಲೋಹದ ಗೇರುಗಳನ್ನು ಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿದರೆ ಸಾಕು. ಪೂರ್ತಿ ಒಣಗಿಸಿ. ಅಸಿಟೋನನ್ನು ಪ್ಲಾಸ್ಟಿಕ್ ಭಾಗದ ಹತ್ತಿರಕ್ಕೂ ತರಬೇಡಿ.

ಸ್ಪೂಲ್ ಬೇರಿಂಗನ್ನು ಗಾಜಿನ ಬಟ್ಟಲಿನಲ್ಲಿ ಆಲ್ಕೊಹಾಲ್ ಹಾಕಿ ಮುಳುಗಿಸಿ ಅಲ್ಲಾಡಿಸಿ. ದ್ರವ ಬೂದಿ ಬಣ್ಣಕ್ಕೆ ತಿರುಗಿದರೆ ಬದಲಿಸಿ, ತಿಳಿಯಾಗಿ ಉಳಿಯುವವರೆಗೆ. ಒಣಗಿದ ಬೇರಿಂಗನ್ನು ಪೆನ್ಸಿಲ್ ತುದಿಗೆ ಸಿಕ್ಕಿಸಿ ಬೆರಳಿನಿಂದ ತಿರುಗಿಸಿ: ಸುಯ್ ಎಂದು ತಿರುಗಿ ಮೆಲ್ಲನೆ ನಿಂತರೆ ಸರಿ, ನಿಲ್ಲುವಾಗ ಕುಂಟಿದಂತೆ ತಡೆದರೆ ಗೋಲಿಯೋ ಹಾದಿಯೋ ಗುಳಿಬಿದ್ದಿದೆ, ಹೊಸದು ಹಾಕಿ. ಒಣ ಬೇರಿಂಗನ್ನು ಸಂಕುಚಿತ ಗಾಳಿ ಹೊಡೆದು ಗಿರಗಿರ ತಿರುಗಿಸುವ ಚಾಳಿ ಬೇಡ, ಗುಳಿ ಬೀಳುವುದೇ ಹಾಗೆ. ಕೆಲವು ಸ್ಪೂಲುಗಳಲ್ಲಿ ಬೇರಿಂಗು ಅಚ್ಚಿನ ಮೇಲೆಯೇ ಇದ್ದು ಅಡ್ಡಕ್ಕೆ ಒಂದು ಪಿನ್ ಇರುತ್ತದೆ. ಅದನ್ನು ತೆಗೆಯಲು ಪಿನ್ ಒತ್ತುವ ಇಕ್ಕಳವೇ ಬೇಕು. ಸುತ್ತಿಗೆ ಹಿಡಿದರೆ ಅಚ್ಚು ಕೂದಲೆಳೆಯಷ್ಟು ಬಾಗಿದರೂ ಸ್ಪೂಲು ಮತ್ತೆಂದೂ ಸಮವಾಗಿ ತಿರುಗದು. ಇಕ್ಕಳವಿಲ್ಲದಿದ್ದರೆ ಅಲ್ಲೇ ಬಿಟ್ಟು ಆಲ್ಕೊಹಾಲ್ ಹನಿಸಿ ತೊಳೆಯಿರಿ.

ಒನ್‌ವೇ ಕ್ಲಚ್ಚು ಸೈಡ್‌ಪ್ಲೇಟಿನೊಳಗೆ ಕೂತ, ಸಣ್ಣ ಉರುಳೆಗಳ ಬಳೆ. ಉರುಳೆಗಳನ್ನು ಹೊರತೆಗೆಯಲು ಹೋಗಬೇಡಿ. ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಒಳಗೆ ತಿರುಗಿಸಿ ಜಿಡ್ಡು ತೆಗೆದು ಒಣಗಲು ಬಿಡಿ. ಆಮೇಲೆ ತೆಳು ಎಣ್ಣೆ ಸವರಿದ ಕಡ್ಡಿಯಿಂದ ಒಂದು ಸುತ್ತು ಒರೆಸಿದರೆ ತುಕ್ಕಿಗೆ ಅಷ್ಟೇ ರಕ್ಷಣೆ ಸಾಕು. ಗ್ರೀಸು ಇಲ್ಲಿಗೆ ಪರಮವೈರಿ: ಉರುಳೆಗಳು ಗ್ರೀಸಿನಲ್ಲಿ ತೇಲಿ ಅಚ್ಚನ್ನು ಹಿಡಿಯುವುದಿಲ್ಲ. ಮೀನು ಕಚ್ಚಿದಾಗ ಜೋರಾಗಿ ಎಳೆದರೆ ಹ್ಯಾಂಡಲು ಹಿಂದಕ್ಕೆ ತಿರುಗಿ ಗಾಳವೇ ನೆಡುವುದಿಲ್ಲ.

ಸೆಂಟ್ರಿಫ್ಯೂಗಲ್ ಬ್ರೇಕಿನ ಬಳೆಯನ್ನು ಆಲ್ಕೊಹಾಲಿನಿಂದ ಒರೆಸಿ ಒಣಗಿಸಿ ಹಾಗೇ ಬಿಡಿ. ಬೇರಿಂಗಿಗೆ ಹೆಚ್ಚಾದ ಎಣ್ಣೆ ಚಿಮ್ಮಿ ಇಲ್ಲಿಗೇ ಬರುತ್ತದೆ. ಒಂದು ಎಸೆತ ಚೆನ್ನಾಗಿ ಬಂದು ಮರು ಎಸೆತದಲ್ಲಿ ಕಾರಣವಿಲ್ಲದೆ ಸಿಕ್ಕು ಬೀಳುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಗೇರಿನ ಹಲ್ಲಿಗೆ ಬ್ರಷ್ಷಿನಿಂದ ತೆಳುವಾಗಿ ಗ್ರೀಸು, ಹಲ್ಲಿನ ಆಕಾರ ಕಾಣುವಷ್ಟೇ. ಪಿನಿಯನ್ನಿನ ಹೊರಹಲ್ಲಿಗೆ ಗ್ರೀಸು, ಒಳರಂಧ್ರಕ್ಕೆ ಬರೀ ಎಣ್ಣೆ. ಸ್ಪೂಲಿನ ಅಚ್ಚು ಅದರೊಳಗೆ ತಿರುಗುತ್ತದೆ, ಅಲ್ಲಿ ಗ್ರೀಸು ಸೇರಿದರೆ ದೂರ ಹೋಯಿತು. ಕಾರ್ಬನ್ ವಾಷರುಗಳಿಗೆ ಡ್ರ್ಯಾಗ್ ಗ್ರೀಸನ್ನು ಬೆರಳಲ್ಲಿ ತೀಡಿ ಹೆಚ್ಚಾದದ್ದನ್ನು ಒರೆಸಿ. ಡ್ರ್ಯಾಗಿಗೆಂದೇ ಮಾಡಿದ ಗ್ರೀಸನ್ನೇ ಬಳಸಬೇಕು, ಮಾಮೂಲು ಗ್ರೀಸು ಹಿಡಿತ ಕಸಿಯುತ್ತದೆ. ತಯಾರಕರು ಒಣ ವಾಷರನ್ನೇ ಹಾಕಿದ್ದರೆ ಒಣದಾಗಿಯೇ ಬಿಡಿ.

ಲಕ್ಷಣ ಮತ್ತು ಕಾರಣ

ಎಸೆಯುವಾಗ ಕೀರಲು ಸದ್ದು: ಸ್ಪೂಲ್ ಬೇರಿಂಗು ಒಣಗಿದೆ. ಸೆರಾಮಿಕ್ ಗೋಲಿಯ ಬೇರಿಂಗುಗಳು ಮಾತ್ರ ಹುಟ್ಟಾ ಗದ್ದಲದವು, ಅದು ದೋಷವಲ್ಲ. ಲೈನು ಸ್ಪೂಲಿನ ಒಂದೇ ಬದಿಗೆ ಗುಡ್ಡೆ ಬೀಳುತ್ತಿದ್ದರೆ ಅಥವಾ ಲೈನು ಹಾಯುವ ಗೈಡು ನಿಂತೇಬಿಟ್ಟಿದ್ದರೆ ಲೆವೆಲ್‌ವೈಂಡಿನ ಕೆಳಗಿನ ಮುಚ್ಚಳ ತೆಗೆದು ಪಾಲ್ ಎಂಬ ಪುಟ್ಟ ನಾಲಗೆಯನ್ನು ನೋಡಿ. ತುದಿ ಚೂಪಾಗಿ ಸವೆದಿದ್ದರೆ ಅದನ್ನಷ್ಟೇ ಬದಲಿಸಿ. ಅದು ಅಚ್ಚಿಗಿಂತ ಮೊದಲು ಸವೆಯಲೆಂದೇ ಇರುವ ಭಾಗ. ಕ್ಲಚ್ಚು ಅರೆಬರೆ ಬಿದ್ದು ಅಂಟಿಕೊಂಡರೆ ಗುಂಡಿಯ ಸಂದಿಯಲ್ಲಿ ಮರಳಿದೆ, ಇಲ್ಲವೇ ಅದನ್ನು ಒದೆಯುವ ಸ್ಪ್ರಿಂಗು ಜಾಗ ತಪ್ಪಿದೆ. ಸುತ್ತುವಾಗ ಭಾರ ಬಿದ್ದರೆ ಗರಗರ ಎಂದರೆ ಗೇರು. ಮುಖ್ಯ ಗೇರನ್ನೂ ಪಿನಿಯನ್ನನ್ನೂ ಜೋಡಿಯಾಗಿಯೇ ಬದಲಿಸಬೇಕು. ಸವೆದ ಪಿನಿಯನ್ನಿಗೆ ಹೊಸ ಗೇರು ಕೂಡಿಸಿದರೆ ಹೊಸದೂ ಬೇಗ ಹಳೆಯದರಂತೆ ಆಗುತ್ತದೆ.

ಮರುಜೋಡಿಸಿದ ಮೇಲೆ ಸ್ಕ್ರೂಗಳನ್ನು ಒಂದೇ ಸಲ ಬಿಗಿಯದೆ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಲೈನು ಹಾಕುವ ಮೊದಲೇ ಪರೀಕ್ಷಿಸಿ: ಕ್ಲಚ್ಚು ಹತ್ತು ಸಲ ಒತ್ತಿ ಹತ್ತು ಸಲವೂ ಹಾರಬೇಕು, ಸ್ಪೂಲನ್ನು ಬೆರಳಲ್ಲಿ ಮೀಟಿದರೆ ಉಜ್ಜುವ ಸದ್ದಿಲ್ಲದೆ ತಿರುಗಬೇಕು, ಗೈಡು ಈ ಕೊನೆಯಿಂದ ಆ ಕೊನೆಗೆ ತಡೆಯಿಲ್ಲದೆ ಹೋಗಿ ಬರಬೇಕು, ಹ್ಯಾಂಡಲು ಹಿಂದಕ್ಕೆ ಕದಲಬಾರದು. ಎಲ್ಲವೂ ಸರಿಯಾಗಿದ್ದು ಬಿಳಿ ಬಟ್ಟೆಯ ಮೇಲೆ ಒಂದು ವಾಷರು ಉಳಿದಿದ್ದರೆ, ಕಂಪನಿಯವರು ಒಂದು ಹೆಚ್ಚಿಗೆ ಕೊಟ್ಟಿದ್ದರೆಂದು ಭಾವಿಸದೆ ಮೊಬೈಲ್ ಫೋಟೊ ತೆರೆದು 3ನೆಯ ಹಂತದಿಂದ ನೋಡುತ್ತ ಬನ್ನಿ.